ಬತ್ತಿದ ಕೊಳವೆಬಾವಿಗೆ ಇಳಿಸಿದ ಬಣ್ಣ

ಪ್ರೀತಿಯ ಅಕ್ಕನಿಗೆ,

ಇಡೀ ವ್ಯವಹಾರಕ್ಕೆ ಆದ ಖರ್ಚು ಇಷ್ಟು: ನಲವತ್ತು ಅಡಿ ಪೈಪು, ಪ್ಲಂಬರನ ಅರ್ಧ ದಿನ, ನಮ್ಮ ಬೀದಿಯ ಹನ್ನೊಂದು ಬಾವಿ.

ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರನ್ನು ಮೋರಿಗೆ ಬಿಟ್ಟರೆ ತಪಾಸಣೆಯವರ ಕಣ್ಣಿಗೆ ಬೀಳುತ್ತದೆಂದು, ಕಾರ್ಖಾನೆಯ ಹಿಂದಿನ ಬತ್ತಿದ ಕೊಳವೆಬಾವಿಗೆ ಇಳಿಸಿದೆ. "ಮೇಲೆ ಕಾಣದಿದ್ರೆ ಆಯ್ತಲ್ಲ ಸಾರ್" ಎಂದ ಪ್ಲಂಬರ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನೆಲದಡಿಯ ನೀರಿಗೆ ಬೇಲಿಯಿಲ್ಲ ಎಂಬುದು ಹೊಳೆಯಲಿಲ್ಲ.

ಮೊನ್ನೆ ನಮ್ಮ ಬಾವಿಯಲ್ಲೇ ಕೆಂಪು ನೀರು ಬಂತು. "ಏನ್ರೀ, ಕುಡಿಯೋ ನೀರಿಗೂ ಬಣ್ಣ ಹಾಕೋಕೆ ಶುರು ಮಾಡಿದ್ರಾ?" ಎಂದು ನನ್ನಾಕೆ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಮನೆ ಮಾರೋಣವೆಂದರೆ ಕೊಳ್ಳುವವರು ಮೊದಲು ಕೇಳುವುದೇ ನೀರು. ಕಾರ್ಖಾನೆ ಮುಚ್ಚೋಣವೆಂದರೆ ಕೆಲಸದವರೆಲ್ಲ ಇದೇ ಬೀದಿಯವರು. ಅವರ ಅನ್ನವೂ ನನ್ನ ಕೈಯಲ್ಲಿ, ವಿಷವೂ ನನ್ನ ಕೈಯಲ್ಲಿ.

ಪೈಪು ಕಿತ್ತು ಹಾಕಿದೆ. ಒಳಗಿಳಿದದ್ದನ್ನು ಕೀಳಲು ಯಾವ ಪ್ಲಂಬರನೂ ಇಲ್ಲ. ನಿನ್ನ ಬಾವಿ ನಮ್ಮ ಬೀದಿಯ ಕೆಳಗಿನ ಇಳಿಜಾರಿನಲ್ಲಿದೆ. ನೀರು ತಿಳಿಯಾಗಿ ಕಂಡರೂ ಇವತ್ತಿನಿಂದ ಸೇದಬೇಡ. ಟ್ಯಾಂಕರ್ ಕಳಿಸುತ್ತಿದ್ದೇನೆ. ಈ ಪತ್ರವನ್ನು ನಿನ್ನ ಬೀದಿಯವರಿಗೂ ನಮ್ಮ ಬೀದಿಯವರಿಗೂ ಓದಿ ಹೇಳು. ಇಷ್ಟು ಮಾತಾಡುವ ನನಗೆ ಇದೊಂದು ಮಾತು ಬಾಯಿಗೆ ಬರುತ್ತಿಲ್ಲ.

ತಪಾಸಣೆಯವರಿಗೆ ಒಣಗಿದ ಮೋರಿ ಸಿಕ್ಕಿತು. ಟ್ಯಾಂಕರಿನವನಿಗೆ ಹೊಸ ಬೀದಿ ಸಿಕ್ಕಿತು. ನನಗೆ ಬಣ್ಣದ ನೀರು ಶುದ್ಧಮಾಡುವ ಖರ್ಚಿನಲ್ಲಿ ಎಂಟು ತಿಂಗಳ ಉಳಿತಾಯ. ನಿನಗೆ ಈ ಪತ್ರ.

ನಿನ್ನ ತಮ್ಮ