ಶೆಡ್ಡಿಗೆ ಬಿದ್ದ ಬೀಗ

ವಿದ್ಯಾರಣ್ಯಪುರಂ, ಮೈಸೂರು
12 ಜೂನ್ 2025

ಪ್ರೀತಿಯ ಅಮ್ಮ,

ಮಂಡಿನೋವು ಹೇಗಿದೆ? ಅನು ಅಕ್ಕನ ಬಾಣಂತನ ಅಂತ ದಿನವಿಡೀ ಬಿಸಿನೀರು ಹೊತ್ತು ಓಡಾಡಬೇಡ, ಭಾವನಿಗೂ ಎರಡು ಕೈಯಿವೆ. ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆಯೇ?

ಇಲ್ಲಿಯ ಸುದ್ದಿ ಕೆಟ್ಟದ್ದು. ನಿಮ್ಮ ಸಂಘದ ಹೆಂಗಸರು ಹದಿನಾಲ್ಕು ವರ್ಷ ಒಣಕಸ ವಿಂಗಡಿಸಿದ ಶೆಡ್ಡಿಗೆ ಸೋಮವಾರ ಬೀಗ ಬಿತ್ತು. ಪರಿಸರದ ಕೆಲಸಕ್ಕೆಂದು ಕೇಳಿದ್ದ ಹಸಿರು ನಿಧಿಯ ಹಣ ಬಂದಿದೆ ಕಣಮ್ಮ. ಅರ್ಜಿ ಬರೆದವಳು ನಾನೇ ಅಂತ ನಿನಗೆ ಗೊತ್ತು. ಓದಿದ ಕರಪತ್ರಗಳೆಲ್ಲ ಆಗ ತಲೆಯಲ್ಲಿ ಕುದಿಯುತ್ತಿದ್ದವು. ನೀವು ಬರಿಗೈಯಲ್ಲಿ ಊರಿನ ಕೊಳೆ ಕೆದಕುವುದೇ ಅವಮಾನ ಅನ್ನಿಸಿ, ಕಸವನ್ನು ತಾನೇ ವಿಂಗಡಿಸುವ ಯಂತ್ರ ಕೇಳಿದೆ. ಅದನ್ನು ನಡೆಸುವವರು ನೀವೇ ಎಂದುಕೊಂಡಿದ್ದೆ, ಆದರೆ ಎಲ್ಲಿಯೂ ಬರೆಸಿಕೊಳ್ಳಲಿಲ್ಲ. ಯಂತ್ರದ ಜೊತೆ ಕಂಪನಿಯ ನಾಲ್ವರು ಹುಡುಗರು ಬಂದರು. ನಿಮ್ಮ ಇಪ್ಪತ್ತೆರಡು ಜನ ಗೇಟಿನ ಹೊರಗೆ ನಿಂತರು. ಯೋಜನೆಯ ಅಧಿಕಾರಿ ಸುಂದರೇಶ ಅವರು ಕಾಫಿ ಕೊಟ್ಟು, 'ನೀವೇ ಕೇಳಿದ್ದಲ್ವೇನ್ರೀ' ಅಂದರು. ಮೇಜಿನ ಮೇಲಿದ್ದ ಯೋಜನೆಯ ಕೈಪಿಡಿಯ ಮುಖಪುಟದ ಚಿತ್ರದಲ್ಲಿ ನಿಮ್ಮ ಸಂಘದ ದಾಕ್ಷಾಯಣಮ್ಮ ನಗುತ್ತಿದ್ದರು.

ಹಾಲಿನ ಕವರೋ ಎಣ್ಣೆ ಕವರೋ ಅಂತ ಕಣ್ಣುಮುಚ್ಚಿ ಸದ್ದಿನಲ್ಲೇ ಹೇಳುತ್ತಿದ್ದ ನಿನ್ನ ಆ ಗೆಳತಿ ದಾಕ್ಷಾಯಣಮ್ಮ ಈಗ ದಟ್ಟಗಳ್ಳಿಯಲ್ಲಿ ಮನೆಮನೆಗೆ ಹೋಗಿ ಪಾತ್ರೆ ತಿಕ್ಕುವ ಕೆಲಸ ಕೇಳುತ್ತಿದ್ದಾರೆ. 'ಕೈ ತೊಳ್ಕೊಳಕ್ಕೆ ಸೋಪು ಕೇಳೇ ಅಂದ್ರೆ, ಕೈನೇ ಕಡಿಸ್ಬುಟ್ಟಲ್ಲೇ ಗಗನಾ' ಅಂದರು.

ಹಸಿರು ಹೂಡಿಕೆಯೇ ಬೇಡ ಅನ್ನುವವಳು ನಾನು ಈಗಲೂ ಅಲ್ಲ. ಕಸಕ್ಕೆ ಬೆಂಕಿ ಹಚ್ಚುವುದು ನಿಲ್ಲಬೇಕು, ಊರು ಉಸಿರಾಡಬೇಕು. ಆದರೆ ಇಷ್ಟು ವರ್ಷ ಊರನ್ನು ಉಸಿರಾಡಿಸಿದವರನ್ನೇ ಬೀದಿಗೆ ತಳ್ಳುವುದಕ್ಕೆ ಅಭಿವೃದ್ಧಿ ಎನ್ನಲಾರೆ, ಅದು ಒಕ್ಕಲೆಬ್ಬಿಸುವುದು.

ಅಕ್ಕನಿಗೆ ನೆನಪು, ಮಗುವಿಗೆ ಮುತ್ತು. ನಿನ್ನ ಕಾಲಿಗೆ ಬೀಳುತ್ತೇನೆ, ಎಬ್ಬಿಸುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ
ಗಗನ

ಮತ್ತೊಂದು ಮಾತು, ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಯಂತ್ರಕ್ಕೆ ಶೆಡ್ಡು ಬಿಟ್ಟುಕೊಡಲು ಸಂಘದ ಅಧ್ಯಕ್ಷೆಯಾದ ನಿನ್ನ ಒಪ್ಪಿಗೆ ಬೇಕೆಂದಾಗ ನೀನು ಆಗಲೇ ಹುಣಸೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಗಡುವು ತಪ್ಪುತ್ತದೆಂದು ನಿನ್ನ ರುಜು ನಾನೇ ಹಾಕಿದೆ. ಕೆಲಸವೆಲ್ಲ ಕಂಪನಿಯವರದೇ ಎಂದಿದ್ದ ಕೊನೆಯ ಪುಟ ಓದಲೂ ಇಲ್ಲ. ನೀನೇ ಸಂಘವನ್ನು ಮಾರಿಕೊಂಡೆ ಎಂದು ಎಲ್ಲರೂ ಶಪಿಸುತ್ತಿದ್ದಾರೆ. ನಾಲ್ಕು ದಿನದಿಂದ ಕೇಳಿಸಿಕೊಂಡು ಸುಮ್ಮನಿದ್ದೇನೆ. ನಾಳೆ ಅವರೆದುರು ಹೇಳಿ, ಹಾಗೆಯೇ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಡುತ್ತೇನೆ. ರುಜು ಸುಳ್ಳೆಂದಾದರೆ ಒಪ್ಪಂದ ನಿಲ್ಲುವುದಿಲ್ಲವಂತೆ, ವಕೀಲರು ಹೇಳಿದರು. ಪೊಲೀಸರು ನಿನ್ನನ್ನು ಕೇಳಲು ಬರುತ್ತಾರೆ. ಮಗಳನ್ನು ಉಳಿಸಲು ಹೋಗಿ 'ಅದು ನನ್ನದೇ ರುಜು' ಅಂದುಬಿಡಬೇಡಮ್ಮ.