ಪ್ಲಸ್ ಅರವತ್ನಾಲ್ಕು

ಏಪ್ರಿಲ್ 21, ಸೋಮವಾರ

ಕರೆಂಟ್ ಹನ್ನೊಂದಕ್ಕೆ ಹೋಗಿ ಎರಡೂವರೆಗೆ ಬಂತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಂದು ಗೊಣಗಿ ಹೋದರು, ಕರೆಂಟ್ ತೆಗೆದವನು ನಾನೇ ಎನ್ನುವ ಹಾಗೆ. ಆಮೇಲೆ ಪಹಣಿ ಆರು, ಜಾತಿ ಸರ್ಟಿಫಿಕೇಟ್ ಎರಡು, ದೊಡ್ಡತಾಯಮ್ಮನ ವಿಧವಾ ಪಿಂಚಣಿ ಅರ್ಜಿ ಒಂದು.

ದೊಡ್ಡತಾಯಮ್ಮನಿಗೆ ಮೊಬೈಲ್ ಇಲ್ಲ. ಎಂದಿನಂತೆ ನನ್ನ ನಂಬರ್ ಹಾಕಿದೆ. ಇಮೇಲ್ ಕಾಲಂಗೆ ಅಂಗಡಿಯದ್ದು. ಹ್ಯಾಂಡ್‌ಪೋಸ್ಟ್ ಎನ್ನುವ ಈ ಸಣ್ಣ ಊರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ಒಂಬತ್ತು ವರ್ಷ. ಫೋನಿಲ್ಲದ ಮುದುಕಿಯರು, ಇಮೇಲ್ ಎಂದರೆ ಏನೆಂದು ಕೇಳುವವರು, ಟವರ್ ಸಿಗದ ಕಾಡಂಚಿನ ಹಳ್ಳಿಯವರು — ಎಲ್ಲರ ಅರ್ಜಿಗೂ ಇದೇ ನಂಬರ್. ಹಾಗಾಗಿ ಇಡೀ ತಾಲ್ಲೂಕಿನ ಒಳ್ಳೆಯದು ಕೆಟ್ಟದ್ದು ಮೊದಲು ನನ್ನ ಜೇಬಿನಲ್ಲಿ ಟಿಂಗ್ ಅನ್ನುತ್ತದೆ.

ಇವತ್ತು ಬಂದ ಮೆಸೇಜು ನಲವತ್ತೊಂದು. ನನಗೆ ಅಂತ ಬಂದದ್ದು ಒಂದೂ ಇಲ್ಲ.

ಅನ್ನ, ಸೊಪ್ಪಿನ ಸಾರು. ಅವ್ವ ಹೋಗಿ ಎರಡು ವರ್ಷವಾದರೂ ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಎನ್ನುವ ಅಳತೆ ಕೈಗೆ ಹತ್ತಿಲ್ಲ. ಮಿಕ್ಕಿದ್ದನ್ನು ನಾಯಿಗೆ ಹಾಕಿದೆ.

ಏಪ್ರಿಲ್ 24, ಗುರುವಾರ

ನ್ಯೂಜಿಲೆಂಡ್. ಕ್ರಿಕೆಟ್ ಸ್ಕೋರಿಗೆ ಬಿಟ್ಟರೆ ಈ ಅಂಗಡಿಯಲ್ಲಿ ಆ ದೇಶದ ಹೆಸರು ಎತ್ತಿದವರು ಇರಲಿಲ್ಲ.

ಹುಡುಗಿ ಹೆಸರು ಸ್ಪಂದನಾ. ಸರಗೂರಿನ ಆಚೆ, ಕಾಡಿಗೆ ಒತ್ತಿಕೊಂಡ ಹಳ್ಳಿ. ಅಪ್ಪ ಮಾದೇಶ ಅಲ್ಲಿನ ಹಾಲಿನ ಸೊಸೈಟಿ ಸೆಕ್ರೆಟರಿ, ಪಹಣಿಗೆ ಬರುತ್ತಿರುತ್ತಾನೆ. ಮಗಳು ಹಾಲಿನ ತಂತ್ರಜ್ಞಾನವನ್ನೇ ಓದಿದ್ದಾಳೆ. ಈಗ ನ್ಯೂಜಿಲೆಂಡಿನಲ್ಲಿ ಎರಡು ವರ್ಷದ ಎಂ.ಎಸ್ಸಿ. ಪೂರ್ತಿ ಸ್ಕಾಲರ್‌ಶಿಪ್. ಉಳಿದಿರುವುದು ವೀಸಾ ಒಂದೇ. ಜುಲೈ 14ಕ್ಕೆ ಕ್ಲಾಸು ಶುರು. ಅಷ್ಟರಲ್ಲಿ ವೀಸಾ ಬರದಿದ್ದರೆ ಸೀಟು ಮುಂದಿನವರಿಗೆ.

"ಮೈಸೂರಲ್ಲಿ ಏಜೆಂಟ್‌ಗಳು ಅವ್ರಲ್ಲ, ಅಲ್ಲಿಗೆ ಹೋಗ್ಬಾರ್ದಾ?" ಎಂದೆ.

"ಹೋಗಿದ್ದೆ ಅಣ್ಣ. ಅವ್ರು ಬರೀ ಇಂಗ್ಲೀಷಲ್ಲೇ ಎದರಿಸ್ತಾರೆ. ನಮ್ಮಪ್ಪಂದೆಲ್ಲ ನೀವೇ ಮಾಡ್ಕೊಟ್ಟಿದ್ದೀರ. ಇದನ್ನೂ ಅಂಗೇ ಮಾಡ್ಕೊಡಿ."

ಮೂರು ಗಂಟೆ ಹಿಡಿಯಿತು. ಯಾಕೆ ಈ ಕೋರ್ಸು, ಮುಗಿದ ಮೇಲೆ ಏನು, ಊರಿನಲ್ಲಿ ಯಾರಿದ್ದಾರೆ... ಪೊಲೀಸರೂ ಇಷ್ಟು ಕೇಳುವುದಿಲ್ಲ. ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಮೊಬೈಲ್ ನಂಬರಿನ ಕಾಲಂ ಬಂತು.

"ನಮ್ಮೂರಲ್ಲಿ ಟವರೇ ಸಿಗಲ್ಲ ಕಣಣ್ಣ. ಆಲದ ಮರ ಹತ್ಬೇಕು. ನಿಮ್ದೇ ಹಾಕ್ಬುಡಿ. ಇಮೇಲೂ ನಿಮ್ದೇ ಇರ್ಲಿ, ನೀವಾದ್ರೆ ದಿನಾ ನೋಡ್ತೀರ."

ಹಾಕಿದೆ.

ಹುಟ್ಟಿದ ದಿನಾಂಕ ಟೈಪ್ ಮಾಡುವಾಗ, ನಿಮ್ಮದು ಯಾವಾಗ ಅಣ್ಣ ಎಂದಳು.

"ದಾಖಲೇಲಿ ಜೂನ್ ಒಂದು. ನಮ್ಮ ಮೇಷ್ಟ್ರು ಇಡೀ ಕ್ಲಾಸಿಗೆ ಅದನ್ನೇ ಬರ್ದವ್ರೆ."

"ನಿಜವಾದ್ದು?"

"ಭೀಮನ ಅಮಾಸೆ ದಿನ ಉಟ್ಟಿದ್ದು ಅಂತಿತ್ತು ನಮ್ಮವ್ವ."

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಗುವಂಥದ್ದೇ. ಹೆಂಡತಿಯರು ಗಂಡನ ಪಾದಪೂಜೆ ಮಾಡುವ ದಿನ ಹುಟ್ಟಿ, ಮೂವತ್ತೆಂಟಾದರೂ ಹೆಣ್ಣು ಸಿಗದೆ ಕೂತಿದ್ದೇನೆ. ಆಮೇಲೆ, "ಅವತ್ತು ಅಣ್ಣತಮ್ಮಂದಿರಿಗೂ ಪೂಜೆ ಮಾಡ್ತೀವಿ ಬುಡಿ" ಎಂದಳು, ಸಮಾಧಾನಕ್ಕೆ.

ಸಾವಿರಾರು ಜನರ ಹುಟ್ಟಿದ ದಿನ ಕೇಳಿದ್ದೇನೆ. ನನ್ನದನ್ನು ಕೇಳಿದವಳು ಇವಳೊಬ್ಬಳೇ.

ಮೇ 9, ಶುಕ್ರವಾರ

ಸ್ಪಂದನಾ ಬಂದಿದ್ದಳು. ಇದು ಐದನೇ ಸಲ. ಫೋನ್ ಮಾಡಲು ಟವರ್ ಇಲ್ಲ, ಬಸ್ಸು ಹೆಂಗಸರಿಗೆ ಫ್ರೀ. ಹಾಗಾಗಿ ವಾರಕ್ಕೆ ಎರಡು ಸಲ ಹತ್ತು ನಲವತ್ತರ ಬಸ್ಸಿಗೆ ಇಳಿದು ಬಂದು ಕೇಳುತ್ತಾಳೆ.

"ಮೇಲ್ ಬಂತಾ ಅಣ್ಣ?"

"ಬಂದಿಲ್ಲ ಕಣಮ್ಮ."

ಇಷ್ಟಕ್ಕೆ ಮೂವತ್ತು ಕಿಲೋಮೀಟರ್. ಆದರೆ ಕೂಡಲೇ ಹೋಗುವುದಿಲ್ಲ. ತಿರುಗುವ ಬಸ್ಸು ಹನ್ನೆರಡಕ್ಕೆ. ಅಲ್ಲಿಯವರೆಗೆ ಚೇರಿನಲ್ಲಿ ಕೂತು, ನೆಟ್ಟಿನಲ್ಲಿ ನ್ಯೂಜಿಲೆಂಡಿನ ಹಸುಗಳನ್ನು ನೋಡುತ್ತಾಳೆ. ಇವತ್ತು ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದಿದ್ದಳು. ಮನೆಯ ಹಸು ಕರು ಹಾಕಿದೆಯಂತೆ. ಏಲಕ್ಕಿ ಹಾಕಿದ ಗಿಣ್ಣು ತಿಂದು ಎಷ್ಟು ಕಾಲವಾಗಿತ್ತು.

"ಅಷ್ಟು ದೂರ ಒಬ್ಳೇ ಇರಕ್ಕೆ ಭಯ ಇಲ್ವಾ?" ಎಂದೆ.

"ಆಯ್ತದೆ. ನೀವು ಒಬ್ರೇ ಎಂಗಿದ್ದೀರ ಅಣ್ಣ?"

ಅಭ್ಯಾಸ ಎಂದೆ. ಸುಳ್ಳು. ಅಭ್ಯಾಸವಾಗಿಲ್ಲ.

ಡಬ್ಬಿ ತೊಳೆದು ಇಟ್ಟಿದ್ದೇನೆ. ಮಂಗಳವಾರ ಕೊಡಬೇಕು.

ಮೇ 22, ಗುರುವಾರ

ರಿಟೈರ್ಡ್ ಮೇಷ್ಟ್ರು ಗೋವಿಂದಯ್ಯನವರಿಗೆ ಪ್ಲಸ್ ಎಂದು ಶುರುವಾಗುವ ಯಾವುದೋ ವಿದೇಶಿ ನಂಬರಿನಿಂದ ಫೋನು. ನಿಮ್ಮನ್ನು ಅರೆಸ್ಟ್ ಮಾಡುತ್ತೇವೆ ಎಂದು ಎರಡು ಗಂಟೆ ಹೆದರಿಸಿದ್ದಾರೆ. ಪಾಪ, ಬೆವರಿ ನೀರಾಗಿ ಅಂಗಡಿಗೆ ಓಡಿ ಬಂದರು. ನಾನೇ ಕಟ್ ಮಾಡಿ ಬ್ಲಾಕ್ ಮಾಡಿಕೊಟ್ಟೆ.

ಮಧ್ಯಾಹ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ: "ಪ್ಲಸ್ 91 ಅಲ್ಲದ ನಂಬರಿನಿಂದ ಕರೆ ಬಂದರೆ ಎತ್ತಬೇಡಿ. ಮೋಸ ಹೋಗಬೇಡಿ." ಬಂದವರೆಲ್ಲ ಓದಿ ತಲೆದೂಗಿದರು. ಸ್ವಲ್ಪ ಹೆಮ್ಮೆಯೂ ಆಯಿತು.

ಜೂನ್ 1, ಭಾನುವಾರ

ಬೆಳಗ್ಗೆಯಿಂದ ಬ್ಯಾಂಕುಗಳ ಹುಟ್ಟುಹಬ್ಬದ ಶುಭಾಶಯ. ಕರಿಯಪ್ಪನಿಗೆ, ಷಣ್ಮುಖಪ್ಪನಿಗೆ, ಬಷೀರಾಬಿಗೆ, ನನಗೆ. ಜೂನ್ ಒಂದಕ್ಕೆ ಹುಟ್ಟಿದವರು ನನ್ನ ಫೋನಿನಲ್ಲೇ ಐವತ್ತಮೂರು ಜನ. ಎಣಿಸಿದೆ. ಭಾನುವಾರ ಬೇರೆ ಕೆಲಸವಿರಲಿಲ್ಲ.

ಜೂನ್ 11, ಬುಧವಾರ

ನಿನ್ನೆ ಬೆಳಗ್ಗೆ ಆರೂವರೆಗೆ ಒಂದು ಫೋನು. ಪ್ಲಸ್ ಅರವತ್ನಾಲ್ಕು ಅಂತ ಏನೋ. ಹಾಸಿಗೆಯಲ್ಲಿದ್ದೆ, ಕಟ್ ಮಾಡಿದೆ. ಇವತ್ತು ಅದೇ ಹೊತ್ತಿಗೆ ಮತ್ತೆ. ಕಟ್ ಮಾಡಿದರೆ ಪುನಃ. ಕಳ್ಳರಿಗೂ ಎಷ್ಟು ಶ್ರದ್ಧೆ. ಬ್ಲಾಕ್ ಮಾಡಿದೆ.

ಸ್ಪಂದನಾ ನಿನ್ನೆ ಬರಲಿಲ್ಲ. ಮಳೆ ಇರಬೇಕು ಆ ಕಡೆ.

ಜೂನ್ 12, ಗುರುವಾರ

ಇಮೇಲ್ ಬಂತು.

ಮಂಗಳವಾರ ಒಂದು ಸಲ, ಬುಧವಾರ ಎರಡು ಸಲ ಕರೆ ಮಾಡಿದೆವು, ಅರ್ಜಿದಾರರು ಕರೆ ಸ್ವೀಕರಿಸಲಿಲ್ಲ. ಜೂನ್ 18, ಬುಧವಾರ, ಭಾರತದ ಬೆಳಗ್ಗೆ ಆರೂವರೆಗೆ ಇದೇ ನಂಬರಿಗೆ ಕೊನೆಯ ಸಲ ಮಾಡುತ್ತೇವೆ. ಆಗಲೂ ಮಾತಿಗೆ ಸಿಗದಿದ್ದರೆ ಇರುವ ಕಾಗದದ ಮೇಲೆಯೇ ತೀರ್ಮಾನ.

ನಾಲ್ಕು ಸಲ ಓದಿದೆ. ಕಳ್ಳರಲ್ಲ, ವೀಸಾ ಆಫೀಸಿನವರು. ಪ್ಲಸ್ ಅರವತ್ನಾಲ್ಕು ನ್ಯೂಜಿಲೆಂಡಿನ ಕೋಡ್. ಹುಡುಕಿ ನೋಡಲು ಅರ್ಧ ನಿಮಿಷ ಸಾಕಾಗಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಬೋರ್ಡ್ ಬೇರೆ ಹಾಕಿಕೊಂಡಿದ್ದೇನೆ, ತಲೆಯ ಮೇಲೆ.

ನಂಬರ್ ಅನ್‌ಬ್ಲಾಕ್ ಮಾಡಿದೆ. ಬೋರ್ಡ್ ಕಿತ್ತು ಹಾಕಿದೆ. ನಾಳೆ ಬರುತ್ತಾಳೆ. ಹೇಳಬೇಕು.

ಜೂನ್ 13, ಶುಕ್ರವಾರ

ಬಂದಳು. ಕೊಡೆ ಮಡಚಿ ಬಾಗಿಲಿಗೆ ಒರಗಿಸಿದಳು. ಟವೆಲಿನಲ್ಲಿ ಸುತ್ತಿ ಹಲಸಿನ ತೊಳೆ ತಂದಿದ್ದಳು.

"ಮೇಲ್ ಬಂತಾ ಅಣ್ಣ?"

"ಬಂದಿಲ್ಲ ಕಣಮ್ಮ."

ಬಾಯಿ ಅದಾಗಿಯೇ ಹೇಳಿಬಿಟ್ಟಿತು. ಇಷ್ಟು ದಿನ ಹೇಳಿ ಹೇಳಿ ಅಭ್ಯಾಸ. ಹೇಳಿದ ಮೇಲೆ ಸರಿ ಮಾಡಬಹುದಿತ್ತು. ಹನ್ನೆರಡರ ಬಸ್ಸಿನವರೆಗೂ ಎದುರಿಗೇ ಕೂತಿದ್ದಳು. ಮಾಡಲಿಲ್ಲ.

ಯಾಕೆ? ಕರೆ ಕಟ್ ಮಾಡಿದ್ದು ನಾನೇ ಎನ್ನಲು ನಾಚಿಕೆ. ಅದು ಒಂದು. ಹೇಳಿದರೆ ಈ ಚೇರಿನಲ್ಲಿ ಇನ್ನು ಕೂರುವುದಿಲ್ಲ ಎನ್ನುವುದು ಇನ್ನೊಂದು. ಯಾವುದು ದೊಡ್ಡದು ಎಂದು ನನಗೆ ಗೊತ್ತು. ಬರೆಯಲಾರೆ.

ಹೋಗುವಾಗ ಹೇಳಿದಳು: "ಇನ್ನು ಗುರುವಾರ ಬತ್ತೀನಿ ಅಣ್ಣ. ಅಲ್ಲೀಗಂಟ ಸೊಸೈಟೀಲಿ ಆಡಿಟ್ ಅದೆ, ಅಪ್ಪಂಗೆ ಕೈಜೋಡಿಸ್ಬೇಕು."

ಗುರುವಾರ ಅಂದರೆ ಹತ್ತೊಂಬತ್ತು. ಅವರ ಕೊನೆಯ ಕರೆ ಹದಿನೆಂಟಕ್ಕೆ.

ಜೂನ್ 14, ಶನಿವಾರ

ಅಂಗಡಿ ತೆರೆದೆ, ಮುಚ್ಚಿದೆ. ಹಲಸಿನ ತೊಳೆ ತಿನ್ನಲಾಗಲಿಲ್ಲ.

ಜೂನ್ 16, ಸೋಮವಾರ

ಅವ್ವ ಹೋದ ದಿನ ಬಿಟ್ಟರೆ ಸೋಮವಾರ ಅಂಗಡಿ ಮುಚ್ಚಿದ್ದು ಇದೇ ಮೊದಲು. ಸರಗೂರಿನವರೆಗೆ ಬಸ್ಸು, ಅಲ್ಲಿಂದ ಆಟೋ, ಕೊನೆಯ ಎರಡು ಕಿಲೋಮೀಟರ್ ಕಾಲುನಡಿಗೆ. ಆಲದ ಮರ ಸಿಕ್ಕಿತು. ಕೆಳಗಿನ ಕೊಂಬೆ ಜನ ಹತ್ತಿ ಹತ್ತಿ ನುಣ್ಣಗಾಗಿದೆ.

ಸಂಜೆಯ ಹಾಲಿನ ಹೊತ್ತು. ಸೊಸೈಟಿ ಮುಂದೆ ಕ್ಯಾನುಗಳ ಸಾಲು. ಸ್ಪಂದನಾ ಮೆಷಿನ್ನಿನಲ್ಲಿ ಫ್ಯಾಟ್ ನೋಡುತ್ತಿದ್ದಳು, ಮಾದೇಶ ಪುಸ್ತಕಕ್ಕೆ ಬರೆಯುತ್ತಿದ್ದ.

"ಏನ್ ಯತೀಶಪ್ಪ, ನೀವೇ ಬಂದ್ಬುಟ್ರಿ. ವೀಸಾ ಬಂತಾ?" ಎಂದ ಮಾದೇಶ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಿಂತೇ ಹೇಳಿದೆ. ಮೂರು ಸಲ ಕಟ್ ಮಾಡಿದ್ದು, ಬ್ಲಾಕ್ ಮಾಡಿದ್ದು, ಗುರುವಾರ ಇಮೇಲ್ ಬಂದದ್ದು, ನಾಡಿದ್ದು ಬೆಳಗ್ಗೆ ಕೊನೆಯ ಕರೆ ಎನ್ನುವುದು. ಮೆಷಿನ್ನಿನಿಂದ ಕೈ ತೆಗೆದಳು.

"ಶುಕ್ರವಾರ ನಾನು ಬಂದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಕಾಲ್ ಕಟ್ ಮಾಡಿದ್ದು ಓಗ್ಲಿ ಬುಡಿ, ಯಾರಾದ್ರೂ ಮಾಡ್ತಾರೆ. ಗೊತ್ತಿದ್ದೂ ಬಂದಿಲ್ಲ ಅಂದ್ರಲ್ಲ ಅಣ್ಣ..."

ಮುಂದಿನ ಕ್ಯಾನಿನ ಹಾಲು ತೆಗೆದುಕೊಂಡಳು. ಮಾದೇಶ ಒಂದು ಲೋಟ ಬಿಸಿ ಹಾಲು ತಂದು ಕೈಗಿಟ್ಟ. ಬಂದವರನ್ನು ಹಾಗೇ ಕಳಿಸುವವರಲ್ಲ ಆ ಊರಿನವರು. ಕುಡಿಯಬೇಕಾಯಿತು. ಗಂಟಲು ಸುಟ್ಟಿತು.

ಜೂನ್ 18, ಬುಧವಾರ

ಐದೂಮುಕ್ಕಾಲಿಗೇ ಅಪ್ಪ ಮಗಳು ಬೈಕಿನಲ್ಲಿ ಬಂದರು, ಮಳೆಯಲ್ಲಿ ನೆನೆದು. ಫೋನ್ ನೂರಕ್ಕೆ ನೂರು ಚಾರ್ಜ್ ಮಾಡಿ ಇಟ್ಟಿದ್ದೆ. ರಿಂಗಾದ ಕೂಡಲೇ ಅವಳ ಕೈಗೆ ಕೊಟ್ಟು ಹೊರಗೆ ಬಂದೆ. ಮಾದೇಶನೂ ನಾನೂ ಅರ್ಧ ಎಳೆದ ಷಟರ್ ಪಕ್ಕ ನಿಂತೆವು. ಅವನು ಬೀಡಿ ಹಚ್ಚಿದ.

ಇಪ್ಪತ್ತೆರಡು ನಿಮಿಷ. ಒಳಗೆ ಅವಳ ಇಂಗ್ಲಿಷು. ಹಸು, ಸೊಸೈಟಿ, ಫಾದರ್... ಒಂದು ಸಲ ನಕ್ಕಳು.

ಮುಗಿದ ಮೇಲೆ ಫೋನ್ ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಮುಂದೆ ಕೂತು ಅರ್ಜಿಯಲ್ಲಿ ಮೊಬೈಲ್, ಇಮೇಲ್ ಎರಡನ್ನೂ ತನ್ನದಕ್ಕೆ ಬದಲಾಯಿಸಿದಳು. ಪಾಸ್‌ವರ್ಡ್ ಕೂಡ.

"ಊರಲ್ಲಿ ಟವರ್..." ಎಂದೆ.

"ಮರ ಹತ್ತಕ್ಕೆ ಬತ್ತದೆ ನಂಗೆ."

ಮಾದೇಶ ಬತ್ತೀವಿ ಎಂದ. ಅವಳು ಅನ್ನಲಿಲ್ಲ. ತೊಳೆದಿಟ್ಟ ಟವೆಲು ಇಲ್ಲೇ ಉಳಿಯಿತು.

ಜುಲೈ 3, ಗುರುವಾರ

ಹತ್ತು ನಲವತ್ತರ ಬಸ್ಸು ದಿನಾ ಬರುತ್ತದೆ. ಇಳಿಯುವವರನ್ನು ನೋಡುತ್ತೇನೆ. ನೋಡುವುದಿಲ್ಲ ಎಂದುಕೊಂಡೇ ನೋಡುತ್ತೇನೆ.

ಇವತ್ತು ಅವಳ ಅರ್ಜಿಗೆ ಹಳೆಯ ಪಾಸ್‌ವರ್ಡ್ ಹಾಕಿ ನೋಡಿದೆ. ತಪ್ಪು ಎಂದಿತು. ಥೂ, ಎಂಥ ಕೆಲಸ ಮಾಡಿದೆ. ಆ ಪೇಜು ಮುಚ್ಚಿದೆ. ಮಾಡಿದ್ದುಣ್ಣೋ ಮಹರಾಯ.

ಜುಲೈ 8, ಮಂಗಳವಾರ

ಈಗ ಬಂದವರಿಗೆಲ್ಲ ಹೇಳುತ್ತಿದ್ದೇನೆ, ನಿಮ್ಮದೇ ನಂಬರ್ ಕೊಡಿ, ಮಗನದ್ದಾದರೂ ಕೊಡಿ ಎಂದು. ದೊಡ್ಡತಾಯಮ್ಮನಿಗೂ ಹೇಳಿದೆ.

"ನಂಗ್ಯಾರವ್ರೆ ಮಗ? ನಿಂದೇ ಇರ್ಲಿ ಬುಡು" ಎಂದಳು.

ಇರಲಿ ಎಂದೆ. ನನಗೂ ಯಾರಿದ್ದಾರೆ.

ಮಧ್ಯಾಹ್ನ ಅವಳ ಪಿಂಚಣಿ ಮಂಜೂರಾದ ಮೆಸೇಜು ಬಂತು. ಷಟರ್ ಎಳೆದು, ಅವಳ ಮನೆಗೇ ನಡೆದು ಹೋಗಿ ಹೇಳಿ ಬಂದೆ. ನಾಳೆ ಹೇಳಿದರೂ ನಡೆಯುತ್ತಿತ್ತು. ಆದರೆ ಇನ್ನು ಆ ನಾಳೆ ಬೇಡ.

ಜುಲೈ 14, ಸೋಮವಾರ

ಅಲ್ಲಿ ಇವತ್ತು ಕ್ಲಾಸು ಶುರು.

ಹೋದಳೋ, ಇಲ್ಲೇ ಫ್ಯಾಟ್ ನೋಡುತ್ತಾ ನಿಂತಿದ್ದಾಳೋ, ತಿಳಿಯದು. ಮಾದೇಶ ಪಹಣಿಗೂ ಬಂದಿಲ್ಲ. ಬಸ್ಸು ಹತ್ತಿ ಹೋಗಿ ಕೇಳಬಹುದು. ಯಾವ ಮುಖ ಇಟ್ಟುಕೊಂಡು? ನನ್ನಿಂದ ಆ ಸೀಟು ಹೋಗಿದ್ದರೂ, ಅದನ್ನು ತಿಳಿಸುವ ಮೆಸೇಜು ಬರುವ ನಂಬರ್ ಈಗ ನನ್ನದಲ್ಲ. ಇಡೀ ತಾಲ್ಲೂಕಿನ ಸುದ್ದಿ ಬರುತ್ತದೆ, ಇದೊಂದು ಬಿಟ್ಟು.

ಜುಲೈ 24, ಗುರುವಾರ. ಬೆಳಗ್ಗೆ 7.10

ಭೀಮನ ಅಮಾವಾಸ್ಯೆ. ಎದುರು ಮನೆಯಲ್ಲಿ ಪೂಜೆ, ತಮ್ಮಂದಿರು ಹೊಸಿಲ ಮೇಲೆ ಭಂಡಾರದ ಕಡುಬು ಒಡೆಯುವ ಗಲಾಟೆ ಇಲ್ಲಿಗೆ ಕೇಳುತ್ತಿದೆ. ಮೂವತ್ತೊಂಬತ್ತು ತುಂಬಿತು. ಬ್ಯಾಂಕಿನವರಿಗೆ ಇದು ಗೊತ್ತಿಲ್ಲ. ಅವ್ವನಿಗೆ ಗೊತ್ತಿತ್ತು, ಬೆಳಗ್ಗೆಯೇ ತಲೆಗೆ ಎಣ್ಣೆ ಇಡುತ್ತಿದ್ದಳು. ಇವತ್ತು ನಾನೇ ಇಟ್ಟುಕೊಂಡೆ. ನೀರು ಕಾಯುತ್ತಿದೆ.

ಅಳತೆ ಕಡೆಗೂ ಸಿಕ್ಕಿದೆ, ಮುಕ್ಕಾಲು ಲೋಟ ಅಕ್ಕಿ. ಇವತ್ತು ಪಾಯಸಕ್ಕೆ ಅಂತ ಒಂದು ಹಿಡಿ ಹೆಚ್ಚಿಗೆ —

ಫೋನು. ಯಾರದೋ ಗ್ಯಾಸು, ಯಾರದೋ ರೇಷನ್ನು...

ಪ್ಲಸ್ ಅರವತ್ನಾಲ್ಕು.

ಆಫೀಸಿನವರ ನಂಬರಲ್ಲ, ಅದು ನನಗೆ ಬಾಯಿಪಾಠ. ಇದು ಬೇರೆ. ನನ್ನ ಹತ್ತಿರ ಆ ದೇಶಕ್ಕೆ ಅರ್ಜಿ ಹಾಕಿಸಿದವಳು ಅವಳೊಬ್ಬಳೇ. ಎರಡನೇ ರಿಂಗ್. ಕೈಯೆಲ್ಲ ಎಣ್ಣೆ, ಸ್ಕ್ರೀನ್ ಜಾರುತ್ತಿದೆ, ಅವಳ ಟವೆಲಿನಲ್ಲೇ ಒರೆಸಿಕೊಂಡು —