ವೇಳೆ ಇದ್ದರೆ ಆಡತಕ್ಕದ್ದು

ಹೊಸಕಟ್ಟಿ, ಮಲಪ್ರಭೆಯ ದಂಡೆ
ಜೂನ್ ಮೂವತ್ತೊಂದು, ೨೨೪೭

ಪೂಜ್ಯ ಈರಪ್ಪ ಮಾಸ್ತರ ಅಜ್ಜನವರಿಗೆ, ನಿಮ್ಮ ವಂಶದ ಎಂಟನೆಯ ತಲೆಮಾರಿನ ಗುರವ್ವನ ನಮಸ್ಕಾರಗಳು.

ನಿಮ್ಮ ಕಾಲದಲ್ಲಿ ಜೂನ್ ತಿಂಗಳಿಗೆ ಮೂವತ್ತೇ ದಿನ ಎಂದು ಬಲ್ಲೆ. ಮೂವತ್ತೊಂದನೆಯದನ್ನು ನಮ್ಮ ಊರುಗಳ ಒಕ್ಕೂಟದ ಹಿಂದಿನ ಅಧ್ಯಕ್ಷರು ತಮ್ಮ ಗೆಲುವಿನ ನೆನಪಿಗೆಂದು ಸೇರಿಸಿದರು. ಯಾರೂ ಬೇಡ ಎನ್ನಲಿಲ್ಲ. ಒಂದು ರಜೆ ಸಿಕ್ಕಿತಲ್ಲ ಎಂದು ಹಿಗ್ಗಿದೆವು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀವು ಬರೆದಿಟ್ಟ ಆಟದ ಹಾಳೆಗಳಿಂದಲೇ. ಕಾಗದದ ಮೊದಲಿಗೆ 'ಇತ್ತ ನಾವೆಲ್ಲ ಕ್ಷೇಮ' ಎಂದು ಬರೆಯುವುದು ನಿಮ್ಮವರ ಪದ್ಧತಿಯಂತೆ. ನಾನು ಅದನ್ನು ಬರೆಯಲಾರೆ. ಹೋದ ವರ್ಷ ನನ್ನ ಗಂಡ ಯಮನೂರಪ್ಪನವರನ್ನು ಊರ ಜನವೇ ಹೊಡೆದು ಕೊಂದರು. ಅದರಲ್ಲಿ ನಿಮ್ಮದೊಂದು ಸಣ್ಣ ಪಾಲಿದೆ, ನನ್ನದು ದೊಡ್ಡದು. ಅದನ್ನು ಹೇಳಲೆಂದೇ ಈ ಕಾಗದ.

ನೀವು ಬರೆದ 'ಬ್ಯಾಂಕಾಸುರ ವಧೆ' ಇಂದಿಗೂ ನಮ್ಮೂರಲ್ಲಿ ಬದುಕಿದೆ. ಅಮೆರಿಕದ ಇತಿಹಾಸ ಪಾಠದಿಂದ ಮಕ್ಕಳ ತಲೆಗೆ ಹತ್ತುತ್ತಿಲ್ಲ, ಅದಕ್ಕೇ ದೊಡ್ಡಾಟವಾಗಿ ಬರೆದೆ ಎಂದು ಮೊದಲ ಪುಟದಲ್ಲಿ ಹೇಳಿಕೊಂಡಿದ್ದೀರಿ. ಎಂಥ ಜಾಣರು ನೀವು! ಹಳೆಯ ಯುದ್ಧವೀರನಾದ ಅಧ್ಯಕ್ಷ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬರುತ್ತಾನೆ. ದೇಶದ ಹಣವನ್ನು ಹೊಟ್ಟೆಯಲ್ಲಿಟ್ಟುಕೊಂಡ ಬ್ಯಾಂಕು ಹತ್ತು ತಲೆಯ ರಾಕ್ಷಸನಾಗಿ ಕುಣಿಯುತ್ತದೆ. ೧೮೩೨ರಲ್ಲಿ ಬ್ಯಾಂಕಿನ ಪರವಾನಗಿ ಮುಂದುವರಿಸುವ ಮಸೂದೆಯನ್ನು ಅಧ್ಯಕ್ಷ ತಿರಸ್ಕರಿಸಿದ್ದು ಎರಡನೆಯ ಅಂಕ. ಸರಕಾರದ ಹಣವನ್ನು ಅಲ್ಲಿಂದ ತೆಗೆಯಲು ಒಪ್ಪದ ಖಜಾನೆಯ ಮಂತ್ರಿಯನ್ನು ಮನೆಗೆ ಕಳಿಸಿದ್ದು ಮೂರನೆಯದು. ನಾಲ್ಕರಲ್ಲಿ ರಾಕ್ಷಸ ಬೀಳುತ್ತಾನೆ. ಅವನು ಬಿದ್ದ ಕೂಡಲೇ ಮಂಗಳ ಹಾಡಬೇಕು, ಮಂಗಳ ಹಾಡಿದ ಮೇಲೆ ಯಾರೂ ಬಣ್ಣ ಹಚ್ಚಬಾರದು. ಇದು ನಮ್ಮ ಮೇಳದ ಕಟ್ಟು. ಐದನೆಯ ಅಂಕವನ್ನು ನೀವು ಬೇರೆ ಹಾಳೆಯಲ್ಲಿ ಬರೆದು, ಮೇಲೆ ಪೆನ್ಸಿಲ್‌ನಿಂದ 'ವೇಳೆ ಇದ್ದರೆ ಆಡತಕ್ಕದ್ದು' ಎಂದು ಗೀಚಿದಿರಿ. ಅಂದಿನಿಂದ ಇಂದಿನವರೆಗೆ ಯಾವ ಮಾಸ್ತರನಿಗೂ ವೇಳೆ ಸಿಗಲಿಲ್ಲ.

ಆ ಅಂಕದಲ್ಲಿ ಏನಿದೆ ಎಂದು ನಿಮಗೇ ಗೊತ್ತು. ಹಣವನ್ನು ಅಧ್ಯಕ್ಷನಿಗೆ ಬೇಕಾದ ಸಣ್ಣ ಬ್ಯಾಂಕುಗಳಿಗೆ ಹಂಚಿದ್ದು, ನೋಟಿನ ಹೊಳೆ ಹರಿದದ್ದು, ಜನ ಪಡುವಣದ ನೆಲಕ್ಕೆ ಮುಗಿಬಿದ್ದದ್ದು. ೧೮೩೬ರಲ್ಲಿ ಅದೇ ಅಧ್ಯಕ್ಷ ದಿಗಿಲುಬಿದ್ದು, ಸರಕಾರಿ ನೆಲಕ್ಕೆ ಬೆಳ್ಳಿ ಬಂಗಾರವನ್ನೇ ತರಬೇಕೆಂದು ಹುಕುಂ ಹೊರಡಿಸಿದ್ದು. ಮರುವರ್ಷ ಬ್ಯಾಂಕುಗಳು ನಾಣ್ಯ ಕೊಡುವುದನ್ನೇ ನಿಲ್ಲಿಸಿದಾಗ ಆತ ಅಧಿಕಾರ ಬಿಟ್ಟು ಊರು ಸೇರಿದ್ದ, ಬೈಗುಳ ಮುಂದಿನವನ ಪಾಲಿಗೆ ಬಂತು. ಕೊನೆಯಲ್ಲಿ, ಇತಿಹಾಸದಲ್ಲಿಲ್ಲದ, ನೀವೇ ಕಲ್ಪಿಸಿದ 'ಒಬ್ಬ ಗುಮಾಸ್ತ'ನನ್ನು ಜನ ಮುಚ್ಚಿದ ಬಾಗಿಲ ಮುಂದೆ ಹಿಡಿದು ಬಡಿಯುತ್ತಾರೆ. ಮೇಳದ ಮಾಸ್ತರಿಕೆ ನನ್ನ ಕೈಗೆ ಬಂದಾಗ ಇದನ್ನೆಲ್ಲ ಓದಿದ್ದೆ. ಇದಕ್ಕೆ ಯಾರು ನಗುತ್ತಾರೆ ಎಂದುಕೊಂಡು ಟ್ರಂಕಿನ ತಳಕ್ಕೆ ಹಾಕಿದೆ. ಬದಲಿಗೆ ನಗಿಸಲೆಂದು ನಾಲ್ಕನೆಯ ಅಂಕದಲ್ಲಿ ನಾನೇ ಒಂದು ಪಾತ್ರ ಸೇರಿಸಿದೆ: ರಾಕ್ಷಸನ ಕಾಲು ಒತ್ತುವ ಗುಮಾಸ್ತ. 'ಅಸುರನ ಬಂಟ' ಎಂದು ಹೆಸರಿಟ್ಟೆ. ಕೊನೆಗೆ ಜನ ರಂಗ ಹತ್ತಿ ಜೋಳದ ದಂಟಿನಿಂದ ಅವನಿಗೆ ಹೊಡೆಯಬೇಕು. ಆ ಪಾತ್ರ ಹಾಕುತ್ತಿದ್ದವರು ನನ್ನ ಗಂಡ. ದಂಟು ಪುಡಿಯಾಗುವವರೆಗೂ ಊರು ಬಿದ್ದು ಬಿದ್ದು ನಗುತ್ತಿತ್ತು, ಅವರೂ ನಗುತ್ತಿದ್ದರು.

ಇನ್ನು ನಮ್ಮ ಹಗೇವಿನ ಸಂಗತಿ. ನಿಮ್ಮ ಹಿರಿಯರು ನೆಲದಲ್ಲಿ ಗುಂಡಿ ತೋಡಿ ಜೋಳ ತುಂಬಿಡುತ್ತಿದ್ದ ಹಗೇವು ನಮ್ಮ ಕಾಲಕ್ಕೆ ಮರಳಿ ಬಂದಿದೆ. ನಲವತ್ತು ಊರುಗಳ ನಮ್ಮ ಒಕ್ಕೂಟಕ್ಕೆಲ್ಲ ಒಂದೇ ದೊಡ್ಡ ಹಗೇವು ಇತ್ತು. ಅಲ್ಲಿ ಜೋಳ ಅಳೆದು ಹಾಕಿದವರಿಗೆ ಬಾಳೆನಾರಿನ ಚೀಟಿ ಕೊಡುತ್ತಿದ್ದರು, ಅದನ್ನು ಕಾಳುಚೀಟಿ ಎನ್ನುತ್ತೇವೆ. ನಮಗೆ ಬೇರೆ ದುಡ್ಡಿಲ್ಲ. ಸೂಲಗಿತ್ತಿಗೂ ಅದೇ, ಕುಂಬಾರನಿಗೂ ಅದೇ, ನೆರಳುಚಪ್ಪರ ಹೊಲಿಯುವವರಿಗೂ ಅದೇ. ನೆರಳುಚಪ್ಪರ ಎಂದರೆ ಬಿಸಿಲೇರಿದ ಮೇಲೆ ಬೀದಿಯುದ್ದಕ್ಕೂ ಎಳೆಯುವ ಬಟ್ಟೆ. ಅದಿಲ್ಲದೆ ನಮ್ಮಲ್ಲಿ ನಡುಹಗಲಿಗೆ ನಾಯಿಯೂ ಹೊರಬೀಳುವುದಿಲ್ಲ. ಆಟ ಆಡುವುದೂ ಅದರಡಿಯಲ್ಲೇ, ಹಗಲಿನಲ್ಲೇ. ಯಮನೂರಪ್ಪನವರು ನಿಜವಾಗಿಯೂ ಆ ಹಗೇವಿನ ಗುಮಾಸ್ತರು. ಒಳಗಿರುವ ಕಾಳಿಗಿಂತ ಒಂದು ಚೀಟಿಯೂ ಹೆಚ್ಚು ಹೊರಡದಂತೆ ನೋಡುವುದು ಅವರ ಕೆಲಸ. ಮೇಲಿನ ಅಧಿಕಾರಿಗಳೇನೂ ಸಾಚಾ ಆಗಿರಲಿಲ್ಲ. ಬೇಕಾದವರಿಗೆ ಮೊದಲು ಅಳೆಯುತ್ತಿದ್ದರು, ಬಡವರನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು. ಜನರ ಸಿಟ್ಟು ಸುಳ್ಳಲ್ಲ. ಆ ಸಿಟ್ಟಿಗೆ ವರ್ಷ ವರ್ಷ ಎಣ್ಣೆ ಹೊಯ್ದವಳು ನಾನು.

ಅಧ್ಯಕ್ಷ ಉದ್ದಪ್ಪ ಹಾಲಗಣ್ಣವರ, ಹೊಳೆಯ ಒಡ್ಡು ಒಡೆದಾಗ ಎದೆಮಟ್ಟ ನೀರಿನಲ್ಲಿ ನಿಂತು ಊರುಗಳನ್ನು ಉಳಿಸಿದವನು. ಆತನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಅಧ್ಯಕ್ಷನಾಗಿ ಗೆದ್ದ ವರ್ಷ ಮುಂದಿನ ಚಾಪೆಯಲ್ಲಿ ಕೂತು ಆಟ ನೋಡಿದ. ಮಂಗಳ ಮುಗಿದದ್ದೇ ರಂಗ ಹತ್ತಿ, "ನಮ್ಮ ಬ್ಯಾಂಕಾಸುರ ಎಲ್ಲಿ ಅದಾನ, ಗೊತ್ತೈತಿಲ್ಲೋ ನಿಮಗ?" ಎಂದು ಕೇಳಿದ. ಜನವೆಲ್ಲ ಹಗೇವಿನ ಕಡೆ ಕೈ ತೋರಿಸಿತು. ಬಣ್ಣ ಒರೆಸಿಕೊಳ್ಳುತ್ತಿದ್ದ ನನ್ನ ಗಂಡ ಮೆಲ್ಲಗೆ, "ಗುರವ್ವಾ, ಅಸುರ ಸತ್ತ ಮ್ಯಾಲೆ ರೊಟ್ಟಿ ಯಾರು ಬಡೀತಾರ ಅನ್ನೂದನ್ನ ನಿಮ್ಮಜ್ಜ ಬರದಿಟ್ಟಾರಲ್ಲ, ಅದನ್ನ ಒಂದ ಸಲ ಆಡೂಣು," ಎಂದರು. "ವ್ಯಾಳ್ಯಾ ಎಲ್ಲೈತ್ರೀ?" ಎಂದೆ ನಾನು. ಜನ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಅದೇ ಸಾಕಾಗಿತ್ತು.

ಮುಂದಿನದೆಲ್ಲ ನಿಮ್ಮ ಮೂರನೆಯ ಅಂಕದಿಂದ ಐದನೆಯದರವರೆಗಿನ ಕಥೆಯೇ. ಹಗೇವು ಮುಚ್ಚುವ ಹುಕುಮಿಗೆ ಸಹಿ ಹಾಕದ ಅಧಿಕಾರಿಯನ್ನು ಉದ್ದಪ್ಪ ಕಿತ್ತುಹಾಕಿ, ಹಾಕುವವನನ್ನು ತಂದು ಕೂರಿಸಿದ. ದೊಡ್ಡ ಹಗೇವಿಗೆ ಬೀಗ ಬಿತ್ತು, ನನ್ನ ಗಂಡನ ಕೆಲಸ ಹೋಯಿತು, ಜೋಳವೆಲ್ಲ ಅಧ್ಯಕ್ಷನ ಹಿಂಬಾಲಕರ ಅಂಗಳದ ಹಗೇವುಗಳಿಗೆ ಸೇರಿತು. ಜನ ಅವನ್ನು 'ಸಾಕಿದ ಟಗರು' ಎಂದು ಗೇಲಿ ಮಾಡಿದರು, ಚೀಟಿಗೆ ಮಾತ್ರ ಕೈಯೊಡ್ಡಿದರು. ಬರಲಿರುವ ಸುಗ್ಗಿಯ ಕಾಳಿಗೂ, ಅದರಾಚೆಯ ಸುಗ್ಗಿಗೂ ಚೀಟಿ ಹೊರಟವು. ಎರಡು ವರ್ಷ ನಮ್ಮಲ್ಲಿ ಬಡವರೇ ಇರಲಿಲ್ಲ. ನಾನೂ ರಾಕ್ಷಸನಿಗೆ ಹೊಸ ತಲೆಗಳನ್ನು ಮಾಡಿಸಿದೆ. ಬತ್ತಿದ ಕೆರೆಗಳ ನೆಲವನ್ನು ಒಕ್ಕೂಟ ಮಾರಾಟಕ್ಕಿಟ್ಟಾಗ ಜನ ಚೀಟಿ ಹೊತ್ತು ಓಡಿದರು. ಆಗ ಅಧ್ಯಕ್ಷ ಬೆವತು, ನೆಲಕ್ಕೆ ಚೀಟಿ ನಡೆಯದು, ಅಳೆದ ಕಾಳೇ ಬೇಕು ಎಂದು ಡಂಗುರ ಹೊಡೆಸಿದ. ಒಂದೇ ವಾರದಲ್ಲಿ ಎಲ್ಲರೂ ಹಗೇವು ತೆರೆಸಿದರು. ತಳದಲ್ಲಿ ಹೊಟ್ಟು ಇತ್ತು, ಬೂದಿ ಇತ್ತು. ಅಷ್ಟೊತ್ತಿಗೆ ಅಧ್ಯಕ್ಷನ ಅವಧಿ ಮುಗಿದು, ಹಾರ ಹಾಕಿಸಿಕೊಂಡು ತನ್ನ ನಿಂಬೆ ತೋಟಕ್ಕೆ ಹೋಗಿದ್ದ. ಇಂದಿಗೂ ಅಲ್ಲೇ ಇದ್ದಾನೆ, ಗಟ್ಟಿಮುಟ್ಟಾಗಿ.

ಜನ ಹಸಿದು ಹಳೆಯ ದೊಡ್ಡ ಹಗೇವಿನ ಬಾಗಿಲಿಗೆ ಬಂದರು. ಬೀಗ ಒಡೆದರೆ ಜೋಳ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಯಮನೂರಪ್ಪನವರು ಸುಮ್ಮನೆ ಮನೆಯಲ್ಲಿರಬಹುದಿತ್ತು. "ಅದು ಖಾಲಿ ಐತಿ, ಗುರವ್ವಾ, ಹೇಳಿ ಬರ್ತೀನಿ. ಬಿಸಲಾಗ ಸಾಯ್ತಾರ ಅವ್ರು," ಎಂದು ಹೋದರು. ಅವರನ್ನು ಕಂಡದ್ದೇ ಯಾರೋ "ಅಸುರನ ಬಂಟ!" ಎಂದು ಕೂಗಿದರು. ಮೊದಲು ಎಲ್ಲರೂ ನಕ್ಕರಂತೆ. ಆ ನಗು ನಾನು ಕಲಿಸಿದ್ದು. ಬೀಜಕ್ಕೂ ಕಾಳಿಲ್ಲದ ವರ್ಷ, ಜೋಳದ ದಂಟು ಎಲ್ಲಿಂದ ಬರಬೇಕು? ಕೈಗೆ ಸಿಕ್ಕ ಬಡಿಗೆ ಎತ್ತಿಕೊಂಡರು. ನೆರೆಮನೆಯ ಸಾವಂತ್ರವ್ವ ಮೂರನೆಯ ದಿನ ಬಂದು ನನ್ನ ಕಾಲು ಹಿಡಿದು ಅತ್ತಳು. "ನಾನೂ ಹೊಡದೆ, ಯಕ್ಕಾ. ಕೈ ಎತ್ತಿದಾಗ ಆಟದಂಗ ಅನಿಸ್ತು," ಎಂದಳು.

ಬರುವ ತಿಂಗಳು ಹೊಸ ಅಧ್ಯಕ್ಷರ ಮುಂದೆ ಅದೇ ಆಟ ಆಡಬೇಕಂತೆ. ಐದನೆಯ ಅಂಕವನ್ನೂ ಆಡೋಣ ಎಂದು ಮೇಳದ ಹಿರಿಯರ ಕೈಕಾಲು ಹಿಡಿದೆ. ಮಂಗಳ ಮುರಿಯಬಾರದು ಎಂದರು, ನಿಮ್ಮ ಪೆನ್ಸಿಲ್ ಬರಹವನ್ನೇ ನನಗೆ ತೋರಿಸಿದರು. ಇನ್ನು ನಾನು ಕೇಳುವುದು ನಿಮ್ಮನ್ನೇ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ಗೊತ್ತಿದ್ದೂ, ಟ್ರಂಕಿನಲ್ಲಿ ನಿಮ್ಮ ಹಾಳೆಗಳ ನಡುವೆ ಇಡುತ್ತೇನೆ. ಆ ಸಾಲು ಬರೆಯಬೇಡಿ. ಗುಮಾಸ್ತನ ಸಾವನ್ನು ನಾಲ್ಕನೆಯ ಅಂಕದೊಳಗೇ ಹೊಲಿದುಬಿಡಿ, ಕತ್ತರಿ ಹಾಕಿದರೆ ಆಟವೇ ಹರಿಯಬೇಕು. ಮಂಗಳವನ್ನು ಅವನು ಬಿದ್ದ ಮೇಲೆ ಇಡಿ. ಆಗಲೂ ಹಾಡಲು ಬಾಯಿ ಬಂದವರು ಹಾಡಲಿ. ಮಕ್ಕಳ ಆಟ, ಶಾಲೆಯ ಗಂಟೆ ಹೊಡೆದುಬಿಡುತ್ತದೆ, ವೇಳೆ ಎಲ್ಲಿತ್ತು ಎಂದು ನೀವು ಕೇಳಬಹುದು.

ವೇಳೆ ಇತ್ತು, ಅಜ್ಜಾ. ನಮಗೆ ಇನ್ನೂರು ವರ್ಷ ವೇಳೆ ಇತ್ತು.

ಗುರವ್ವ ಕೋಂ ಯಮನೂರಪ್ಪ